ಹದಿನೇಳು ಶಿಖರಗಳ ಸೋರುವ ಮಂದಿರ

ಕೇಳುಗರೇ, ನಮಸ್ಕಾರ.

ಸೈನಿಕ ಅಕಾಡೆಮಿ ಎಂದೊಡನೆ ಕಲ್ಲಿನ ಗೋಡೆ, ಕಮಾನು, ಗೋಪುರಗಳು ನೆನಪಾಗುತ್ತವೆ. ಅಮೆರಿಕದ ಭೂಸೇನೆಯ ಅಕಾಡೆಮಿಯಾದ ವೆಸ್ಟ್ ಪಾಯಿಂಟ್‌ನಲ್ಲಿ ಇರುವುದೂ ಅವೇ. ಆದರೆ 1954ರಲ್ಲಿ ವಾಯುಪಡೆಯ ಅಕಾಡೆಮಿಗೆ ಕೊಲರಾಡೊ ಬೆಟ್ಟಗಳ ತಪ್ಪಲಲ್ಲಿ ಜಾಗ ಗೊತ್ತುಮಾಡಿದಾಗ ಆ ಪಡೆ ಪ್ರತ್ಯೇಕವಾಗಿ ಇನ್ನೂ ಏಳೇ ವರ್ಷವಾಗಿತ್ತು. ನಿನ್ನೆ ಮೊನ್ನೆ ಹುಟ್ಟಿದ ಪಡೆಗೆ ಹಳೆಯ ಕೋಟೆಯ ವೇಷವೇಕೆ? ಸ್ಕಿಡ್‌ಮೋರ್, ಓವಿಂಗ್ಸ್ ಮತ್ತು ಮೆರಿಲ್ ಸಂಸ್ಥೆಯ ವಾಸ್ತುಶಿಲ್ಪಿಗಳು ಗಾಜು, ಉಕ್ಕು, ಅಲ್ಯುಮಿನಿಯಂಗಳನ್ನೇ ಆರಿಸಿಕೊಂಡರು.

ಕೆಡೆಟ್‌ಗಳ ಆವರಣದ ವಿನ್ಯಾಸಕ್ಕೆ ಏಳು ಅಡಿಯೇ ಮೂಲ ಅಳತೆ, ಉಳಿದ ಅಳತೆಗಳು ಅದರ ಗುಣಕಗಳು. ನಡುವಿನ ವಿಶಾಲ ಅಂಗಳದಲ್ಲಿ ಅಮೃತಶಿಲೆಯ ಪಟ್ಟಿಗಳು ಚೌಕ ಚೌಕವಾಗಿ ಹಾದುಹೋಗುತ್ತವೆ. ಮೊದಲ ವರ್ಷದ ಕೆಡೆಟ್‌ಗಳು ಅಂಗಳವನ್ನು ಅಡ್ಡ ಹಾಯುವಂತಿಲ್ಲ, ಆ ಪಟ್ಟಿಗಳ ಮೇಲೆಯೇ ಓಡಬೇಕು. ನಕ್ಷೆಯ ಗೆರೆಗೆ ಇಷ್ಟು ವಿಧೇಯರಾದವರು ಯಾವ ವಾಸ್ತುಶಿಲ್ಪಿಗೆ ಸಿಕ್ಕಾರು!

ಈ ಸಮತಟ್ಟಾದ ಕಟ್ಟಡಗಳ ನಡುವೆ ಎದ್ದು ಕಾಣುವುದು ವಾಲ್ಟರ್ ನೆಟ್ಷ್ ರೂಪಿಸಿದ, 1962ರಲ್ಲಿ ಮುಗಿದ ಪ್ರಾರ್ಥನಾ ಮಂದಿರ. ಹದಿನೇಳು ಶಿಖರಗಳು, 150 ಅಡಿ ಎತ್ತರ. ಉಕ್ಕಿನ ಕೊಳವೆಗಳಿಂದ ಮಾಡಿದ ನಾಲ್ಕು ತ್ರಿಕೋನ ಮುಖಗಳ ನೂರು ಚೌಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ, ಮೈಗೆ ಅಲ್ಯುಮಿನಿಯಂ ಹೊದಿಸಿದ್ದಾರೆ. ಚೌಕಟ್ಟುಗಳ ಸಂದಿನಲ್ಲಿ ಬಣ್ಣದ ಗಾಜು. ಮೇಲೆ ಪ್ರಾಟೆಸ್ಟೆಂಟರಿಗೆ ಸ್ಥಳ, ಕೆಳಗೆ ಕ್ಯಾಥೊಲಿಕರಿಗೂ ಯಹೂದ್ಯರಿಗೂ ಬೇರೆ ಬೇರೆ. ಮುಂದೆ ಬೌದ್ಧರಿಗೂ ಮುಸ್ಲಿಮರಿಗೂ ಅಲ್ಲಿಯೇ ಜಾಗವಾಯಿತು.

ಇಷ್ಟು ಸೊಗಸಾದ ಕಟ್ಟಡ ಮೊದಲಿನಿಂದಲೂ ಸೋರುತ್ತಿತ್ತು. ದೂರು ನೆಟ್ಷ್‌ನ ಕಲ್ಪನೆಯ ಮೇಲೆ ಬಂತು. ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಸಂದಿಗೆ ಇಳಿದ ಮಳೆನೀರನ್ನು ಹೊರಕ್ಕೆ ಹರಿಸುವ ಲೋಹದ ಪಟ್ಟಿಗಳು ಅವನ ವಿನ್ಯಾಸದಲ್ಲಿದ್ದವು. ಹಣ ಉಳಿಸಲು ಅವನ್ನು ಕೈಬಿಟ್ಟು ಕೀಲುಗಳಿಗೆ ಅಂಟು ತುಂಬಿದರು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಅಲ್ಯುಮಿನಿಯಂ ನಡುವೆ ಅಂಟು ಎಷ್ಟು ದಿನ ಬಾಳೀತು? ಅದು ಬಿರಿಯಿತು, ಮತ್ತೆ ತುಂಬಿದರು, ಮತ್ತೆ ಬಿರಿಯಿತು. ಮೇಲಿನಿಂದ ಮೆತ್ತುವ ಈ ಕೆಲಸ ದಶಕಗಳವರೆಗೆ ನಡೆಯಿತು. 2004ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂಬ ಮನ್ನಣೆ ಬಂದಾಗಲೂ ಸೋರಿಕೆ ನಿಂತಿರಲಿಲ್ಲ.

2019ರಲ್ಲಿ ಮಂದಿರವನ್ನು ಮುಚ್ಚಿ, ಅದರ ಸುತ್ತ ವಿಮಾನದ ಹ್ಯಾಂಗರಿನಂಥ ತಾತ್ಕಾಲಿಕ ಕಟ್ಟಡವೊಂದನ್ನು ಎಬ್ಬಿಸಿದರು. ಒಳಗೆ, ಉಸಿರಿನಲ್ಲಿ ಸೇರಿದರೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಸಿಕ್ಕಿದ್ದರಿಂದ ಕೆಲಸ ಇನ್ನಷ್ಟು ನಿಧಾನವಾಯಿತು. ಕಟ್ಟಿದಾಗ ತಗುಲಿದ್ದು ಸುಮಾರು 35 ಲಕ್ಷ ಡಾಲರ್. ದುರಸ್ತಿಯ ಮೊದಲ ಗುತ್ತಿಗೆಯೇ 15.8 ಕೋಟಿ ಡಾಲರ್. ಅಂದಿನ ಡಾಲರಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿದರೂ ಇದು ಹಲವು ಪಟ್ಟು ಹೆಚ್ಚು. ಆ ಗುತ್ತಿಗೆಯ ಮುಖ್ಯ ಕೆಲಸಗಳಲ್ಲಿ ಒಂದು, ಅಲ್ಯುಮಿನಿಯಂ ಹೊದಿಕೆಯನ್ನು ಕಳಚಿ ಅಂದು ಕೈಬಿಟ್ಟಿದ್ದ ಲೋಹದ ಪಟ್ಟಿಗಳನ್ನು ಕೂರಿಸುವುದು.

ನಮಸ್ಕಾರ.