ಯುಗಾದಿಗೆ ಬಿತ್ತಿದ ಅವರೆ ಯಾಕೆ ಕಾಯಿ ಬಿಡಲ್ಲ?

ನಮಸ್ಕಾರ. ಚಿಂತಾಮಣಿಯಿಂದ ವೀಕ್ಷಕರೊಬ್ಬರು ಫೋಟೊ ಕಳಿಸಿ ಚೆನ್ನಾಗಿ ಬೈದಿದ್ದಾರೆ. ನನಗಲ್ಲ, ಅವರೆ ಬಳ್ಳಿಗೆ. ಹೋದ ವರ್ಷ ಯುಗಾದಿ ಹೊತ್ತಿಗೆ ಹಿತ್ತಲಲ್ಲಿ ನಾಟಿ ಅವರೆ ಹಾಕಿದರಂತೆ. ಗೊಬ್ಬರ, ನೀರು ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಬಳ್ಳಿ ಶೀಟಿನ ಮೇಲೆ ಹತ್ತಿ ಪಕ್ಕದ ಮನೆಗೂ ಹೋಯಿತು. ದಸರಾ ಬಂದರೂ ಒಂದು ಹೂವಿಲ್ಲ. "ಬೀಜದಲ್ಲೇ ಮೋಸನಾ ಸಾರ್?" ಅಂತ ಕೇಳಿದ್ದಾರೆ.

ಮೋಸ ಏನಿಲ್ಲ. ಬಳ್ಳಿ ರಾತ್ರಿ ಎಷ್ಟು ಉದ್ದ ಅಂತ ಲೆಕ್ಕ ಹಾಕುತ್ತಾ ಕೂತಿತ್ತು.

ಈ ಬೇಸಿಗೆ ಸೀಸನ್ನಿನ ಕೈತೋಟದ ಬೇಸಿಕ್ಸ್ ಬೇಗ ಮುಗಿಸುತ್ತೇನೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನಮ್ಮ ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕುಂಡ ಆದರೆ ತಳದಲ್ಲಿ ತೂತು ಇರಲಿ. ಆಯ್ತು, ಅವರೆಗೆ ಬರೋಣ.

[ತೆರೆಯ ಮೇಲೆ: ಕೋಲಾರದ ಹಗಲಿನ ಉದ್ದ, ಜನವರಿಯಿಂದ ಡಿಸೆಂಬರ್]

ಕೋಲಾರದಲ್ಲಿ ಡಿಸೆಂಬರ್ ಕೊನೆಗೆ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್ ಕೊನೆಗೆ 13 ಗಂಟೆಗೆ ಸ್ವಲ್ಪ ಕಮ್ಮಿ. ಇಡೀ ವರ್ಷದಲ್ಲಿ ಒಂದೂವರೆ ಗಂಟೆಯ ವ್ಯತ್ಯಾಸ ಅಷ್ಟೇ. ನಮಗೆ ಗೊತ್ತೂ ಆಗಲ್ಲ. ನಾಟಿ ಅವರೆಗೆ ಗೊತ್ತಾಗುತ್ತದೆ. ರಾತ್ರಿ ಸಾಕಷ್ಟು ಉದ್ದ ಆಗುವವರೆಗೆ ಅದು ಎಲೆ ಬಿಡುತ್ತದೆ, ಹೂ ಬಿಡಲ್ಲ. ನಮ್ಮ ಹಿರಿಯರು ಮುಂಗಾರಿನಲ್ಲಿ ರಾಗಿ ಹೊಲದಲ್ಲಿ ರಾಗಿ ಸಾಲುಗಳ ಮಧ್ಯೆ ಅವರೆಯನ್ನು ಅಕ್ಕಡಿ ಸಾಲಾಗಿ ಹಾಕಿ, ಧನುರ್ಮಾಸದ ಚಳಿಗೆ ಕಾಯಿ ಕೀಳುತ್ತಿದ್ದದ್ದು ಇದಕ್ಕೇ. ನೀವು ಮಾರ್ಚಿಯಲ್ಲೇ ಹಾಕಿದರೆ ನಾಲ್ಕು ತಿಂಗಳು ಜಾಸ್ತಿ ನೀರು ಹೊತ್ತಿರಿ, ಅಷ್ಟೇ.

ಇದನ್ನು ಮೊದಲು ಸರಿಯಾಗಿ ಹಿಡಿದದ್ದು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್. 1920ರಲ್ಲಿ ಪ್ರಕಟಿಸಿದರು. ಅವರ ಹತ್ತಿರ ಒಂದು ತಂಬಾಕು ತಳಿ ಇತ್ತು, ಬೇಸಿಗೆಯಲ್ಲಿ ಎತ್ತರಕ್ಕೆ ಬೆಳೆಯುತ್ತಿತ್ತು, ಹೂ ಮಾತ್ರ ಇಲ್ಲ. ದಿನಾ ಮಧ್ಯಾಹ್ನವೇ ಗಿಡಗಳನ್ನು ಕತ್ತಲೆ ಕೋಣೆಗೆ ತಳ್ಳಿ ಹಗಲನ್ನು ಮೋಟು ಮಾಡಿದರು. ಹೂ ಬಂತು! 1938ರಲ್ಲಿ ಹ್ಯಾಮ್ನರ್, ಬಾನರ್ ಅನ್ನುವವರು ಒಂದು ಕಳೆಗಿಡ ಇಟ್ಟುಕೊಂಡು ಮುಂದಕ್ಕೆ ಹೋದರು. ಹಗಲಿನ ಮಧ್ಯೆ ಸ್ವಲ್ಪ ಕತ್ತಲೆ ಮಾಡಿದರೆ ಗಿಡ ಕೇರ್ ಮಾಡಲಿಲ್ಲ. ರಾತ್ರಿ ಮಧ್ಯೆ ಸ್ವಲ್ಪ ಹೊತ್ತು ದೀಪ ಹಾಕಿದರೆ ಹೂವೇ ಇಲ್ಲ. ಅಂದರೆ ಗಿಡಕ್ಕೆ ಬೇಕಾದದ್ದು ಮೋಟು ಹಗಲಲ್ಲ, ಕಡಿಯದ ಉದ್ದ ಕತ್ತಲೆ.

ಕಬಡ್ಡಿ ಆಡಿದ್ದೀರಲ್ವಾ? ಉಸಿರು ಒಂದೇ ಆಗಬೇಕು. ಮಧ್ಯೆ ಕಡಿದರೆ, "ಮೊದಲು ಇಪ್ಪತ್ತು ಸೆಕೆಂಡು ಹಿಡಿದೆ, ಆಮೇಲೆ ಹದಿನೈದು ಹಿಡಿದೆ, ಎರಡೂ ಕೂಡಿಸಿ" ಅಂದರೆ ರೆಫರಿ ಕೇಳುತ್ತಾನಾ? ಔಟ್. ಇಲ್ಲಿ ರೆಫರಿ ಎಲೆಯೊಳಗಿರುವ ಫೈಟೋಕ್ರೋಮ್ ಅನ್ನುವ ಪ್ರೋಟೀನು. ಬೆಳಕು ಬಿದ್ದ ತಕ್ಷಣ, ಅದರಲ್ಲೂ ಕೆಂಪು ಬೆಳಕು, ಅದು ರೂಪ ಬದಲಿಸುತ್ತದೆ. ಉಸಿರು ಕಡಿಯಿತು ಅಂತ ಲೆಕ್ಕ.

ಈಗ ನನಗೆ ತುಂಬಾ ಇಷ್ಟವಾದ ದೃಶ್ಯ.

[ತೆರೆಯ ಮೇಲೆ: ರಾತ್ರಿ, ಬಲ್ಬು ಉರಿಯುತ್ತಿರುವ ಸೇವಂತಿಗೆ ತೋಟ]

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಓಡಾಡುವವರು ನೋಡಿರುತ್ತೀರಿ, ಯಾರದೋ ಮದುವೆ ಅನ್ನುವ ಹಾಗೆ ಹೊಲದ ತುಂಬ ಬಲ್ಬು. ಈ ವಿಷಯದಲ್ಲಿ ಸೇವಂತಿಗೆಯೂ ನಾಟಿ ಅವರೆಯ ಹಾಗೇ, ಉದ್ದ ರಾತ್ರಿ ಬಂದರೆ ಮೊಗ್ಗು. ಗಿಡ ಚಿಕ್ಕದಿರುವಾಗಲೇ ಮೊಗ್ಗು ಬಂದರೆ ರೈತನಿಗೆ ಲಾಭ ಇಲ್ಲ. ಹಾಗಾಗಿ ದೀಪ ಹಾಕಿ ರಾತ್ರಿಯನ್ನು ಕಡಿಯುತ್ತಾರೆ. ಗಿಡ ಎತ್ತರಕ್ಕೆ ಬಂದ ಮೇಲೆ, ಹಬ್ಬದ ಲೆಕ್ಕ ನೋಡಿ ಸ್ವಿಚ್ ಆಫ್. ಎಂಥ ಐಡಿಯಾ ನೋಡಿ! ನಿಮ್ಮ ನಾಟಿ ಅವರೆ ಬೀದಿದೀಪದ ಕೆಳಗೇ ಇದ್ದರೆ ಹೂ ತಡವಾಗಬಹುದು. ಉರಿಯದ ಬೀದಿದೀಪದಿಂದ ಯಾರಿಗಾದರೂ ಉಪಕಾರ ಆಗಿದ್ದರೆ ಅದು ಅವರೆಗೆ ಮಾತ್ರ.

ಹಾಗಾದರೆ ಈಗ ಅವರೆ ಬೇಡವಾ? ತಳಿ ಬದಲಿಸಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಇವು ರಾತ್ರಿ ಲೆಕ್ಕ ಕೇಳಲ್ಲ. ಪೊದೆ ಥರ ಬೆಳೆಯುತ್ತವೆ, ಚಪ್ಪರ ಬೇಡ. ಆದರೆ ಸೊಗಡು? ನನ್ನ ಮೂಗಿಗೆ ಚಳಿಗಾಲದ ನಾಟಿ ಕಾಯಿಯದೇ ಸೊಗಡು. ಹಿತಕಿದ ಬೇಳೆ ಸಾರಿನ ವಿಷಯದಲ್ಲಿ ನಾನು ರಾಜಿ ಆಗಲ್ಲ. ಅದಕ್ಕೇ ಈಗ ಜಾಗ ಬೇರೆ ತರಕಾರಿಗೆ ಕೊಟ್ಟು, ನಾಟಿ ಅವರೆ ಮಳೆಗಾಲಕ್ಕೆ ಹಾಕುವುದು ನನ್ನ ಸಲಹೆ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಬೇಗ. ಈಗ ಹಾಕಲು ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ದಂಟು. ಬೆಂಡೆ ಬೀಜ ರಾತ್ರಿ ನೆನೆಹಾಕಿ ಬಿತ್ತಿ. ಕೊತ್ತಂಬರಿ ಈಗ ಬೇಡ, ಸೆಕೆಗೆ ಸೊಪ್ಪಾಗುವ ಮೊದಲೇ ಹೂವಿಗೆ ಹೋಗುತ್ತದೆ. ಹಾಕಲೇಬೇಕು ಅಂದರೆ ನೆರಳಲ್ಲಿ, ಕಾಳು ಎರಡು ಹೋಳು ಮಾಡಿ ಹಾಕಿ. ಟೊಮೆಟೊ? ಕೋಲಾರದವರಿಗೆ ನಾನೇನು ಹೇಳಲಿ! ಒಂದೇ ಮಾತು, ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣ್ಣಗಾಗದಿದ್ದರೆ ಪರಾಗ ಸೊರಗಿ ಹೂ ಉದುರುತ್ತದೆ. ಬೆಳಿಗ್ಗೆ ಹೂ ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿ, ಕಾಯಿ ಕಟ್ಟಲು ಸಹಾಯ ಆಗುತ್ತದೆ. ನೀರು ಸಂಜೆ ಅಥವಾ ಬೆಳಗಿನ ಜಾವ, ಬುಡಕ್ಕೆ ಮಾತ್ರ. ಬುಡದ ಸುತ್ತ ಕಡಲೆಕಾಯಿ ಸಿಪ್ಪೆ ಹರಡಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದರೆ ಆಮೇಲಿನ ಕೆಲಸ ಸಲೀಸು. ಬೀಳದಿದ್ದರೆ ಪಾತ್ರೆ ತೊಳೆದ ಮೊದಲ ನೀರು ಬಿಟ್ಟು, ಸೋಪಿಲ್ಲದ ಎರಡನೇ ನೀರು ದಂಟಿಗೆ ಹೋಗಲಿ.