ಜಾಕೆಟ್ ಇರುವುದು ಕೂರುವುದಕ್ಕಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಗಂಗಾವತಿ, ಆನೆಗೊಂದಿ, ಕಂಪ್ಲಿ, ಅತ್ತ ಲಿಂಗಸುಗೂರು ಕಡೆಯ ಕೃಷ್ಣಾ ನಡುಗಡ್ಡೆಗಳಲ್ಲಿ ಕೂತು ಕೇಳುತ್ತಿರುವವರಿಗೆ ಇನ್ನೊಂದು ನಮಸ್ಕಾರ. ಭತ್ತದ ನಾಟಿಗೆ ಅಂತ ಹೊಳೆ ದಾಟುವ ಅಕ್ಕ ತಂಗಿಯರೇ, ಈ ಮಾತು ನಿಮಗೇ.

ಮಳೆಗಾಲದ ದೋಣಿ ಪ್ರಯಾಣದ ಬಗ್ಗೆ ಎಲ್ಲ ಹೇಳಿ ಎಂದಿದ್ದಾರೆ ನಿಲಯದವರು. ನಾನು ಒಂದೇ ಹೇಳುತ್ತೇನೆ. ಹರಗೋಲು ಹತ್ತುವ ಮೊದಲು ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿಯಿರಿ. ಹತ್ತಿದ ಮೇಲಲ್ಲ, ಮೊದಲು.

ಹರಗೋಲು ನಮಗೆ ಹೊಸದಲ್ಲ. ಸುಮಾರು 500 ವರ್ಷದ ಹಿಂದೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅದು ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತಲೂ ಬರೆದಿದ್ದಾನೆ. ಬೇಸಿಗೆಯ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ, ನನಗಂತೂ ಬಲು ಇಷ್ಟ. ಆದರೆ ಅದಕ್ಕೆ ಹಿಂದು ಮುಂದು ಇಲ್ಲ. ಹರಿವು ಜೋರಾಯಿತೋ, ಹುಟ್ಟು ಹಾಕುವವನ ಮಾತು ಕೇಳುವುದಿಲ್ಲ.

ಮಳೆ ಸುರಿಯುವುದು ಮಲೆನಾಡಿನಲ್ಲಿ, ನಮ್ಮ ತಲೆ ಮೇಲೆ ಬಿಸಿಲು. ಅದಕ್ಕೇ ಮೋಸ ಹೋಗುತ್ತೇವೆ. ಅತ್ತ ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳಿವೆ. 1 ಲಕ್ಷ ಕ್ಯುಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು. ನೀರು ಹೆಚ್ಚು ಬಿಟ್ಟ ವರ್ಷ ಕಂಪ್ಲಿ ಸೇತುವೆಯೇ ಮುಳುಗುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಈಗ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ, ಆ ಮನೆಯವರೂ ರೇಡಿಯೊ ಕೇಳುತ್ತಿರಬಹುದು. ನಾನಾಗ ರಕ್ಷಣಾ ತಂಡದಲ್ಲಿದ್ದೆ. ನಾಟಿ ಮುಗಿಸಿ ಸಂಜೆ ವಾಪಸ್ ಬರುತ್ತಿದ್ದ ಹೆಣ್ಣುಮಕ್ಕಳು, ಎರಡು ಯೂರಿಯಾ ಚೀಲ, ಒಂದು ಬೈಕು, ಎಲ್ಲ ಒಂದೇ ಹರಗೋಲಿನಲ್ಲಿ. ಜಾಕೆಟ್ ಇರಲಿಲ್ಲ ಅನ್ನಬೇಡಿ, ಇದ್ದವು. ತಳದಲ್ಲಿ ನೀರು ಜಿನುಗುತ್ತೆ, ಸೀರೆ ಒದ್ದೆಯಾಗುತ್ತೆ ಅಂತ ಅವನ್ನೇ ಹಾಸಿಕೊಂಡು ಕೂತಿದ್ದರು! ಒಬ್ಬ ಅಜ್ಜಿ ಮಾತ್ರ ಹಾಕಿಕೊಂಡಿದ್ದಳು. ನಡುಹೊಳೆಯಲ್ಲಿ ಹರಗೋಲು ಸುತ್ತಿ ಬಂಡೆಗೆ ಒತ್ತಿಕೊಂಡಿತು. ಬಂಡೆ ಕಂಡ ಹೆದರಿಕೆಗೆ ಎಲ್ಲರೂ ಈಚೆ ಬದಿಗೆ, ಅಂದರೆ ನೀರು ಬರುವ ಕಡೆಗೆ ಸರಿದರು. ಆ ಅಂಚು ತಗ್ಗಿತು, ನೀರು ಒಳಗೆ ನುಗ್ಗಿತು. ಅಷ್ಟೇ. ಬಂಡೆಗೆ ತಾಗಿದಾಗ ಬಂಡೆಯ ಕಡೆಗೇ ವಾಲಬೇಕು, ಅದನ್ನೇ ತಬ್ಬಿಕೊಳ್ಳಬೇಕು. ಮನಸ್ಸು ಒಪ್ಪುವುದಿಲ್ಲ, ಆದರೂ ವಾಲಬೇಕು.

ಹೆಣ್ಣುಮಕ್ಕಳು ಮಗುಚಿದ ಹರಗೋಲಿನ ಅಂಚು ಹಿಡಿದು ಜೋತುಬಿದ್ದರು, ಉಳಿದರು. ಅಜ್ಜಿ ಹೊಳೆಯ ಜೊತೆ ತೇಲಿ ಹೋಗಿ, ಬಹಳ ಕೆಳಗೆ ಜಾಲಿ ಪೊದೆಗೆ ಸಿಕ್ಕಿಕೊಂಡಿದ್ದಳು. ನಾವು ಹೋದಾಗ ಎಲೆ ಅಡಿಕೆ ಚೀಲ ಹೋಯಿತಲ್ಲ ಅಂತ ಬೈಯುತ್ತಿದ್ದಳು. ಜಾಕೆಟ್ ಹಾಕಿಕೊಂಡು ಒಳ್ಳೆಯದು ಮಾಡಿದಿ ಅಂದರೆ, "ಚಳಿ ಹತ್ತಿತ್ತು ಯಪ್ಪಾ, ಅದಕ್ಕ ಹಾಕ್ಕೊಂಡಿದ್ದೆ" ಅಂದಳು. ಬೈಕಿನ ಹುಡುಗ ಒಳ್ಳೆಯ ಈಜುಗಾರ. ಅವನು ಸಿಕ್ಕಿದ್ದು ಮೂರನೆಯ ದಿನ.

ಈಜು ಬರುತ್ತೆ ಅನ್ನುವವರೇ ಜಾಕೆಟ್ ಬೇಡ ಅನ್ನುವುದು. ಬಾವಿಯ ಈಜು ಬೇರೆ ಸ್ವಾಮಿ, ಹೊಳೆ ಬೇರೆ. ದಿಢೀರನೆ ತಣ್ಣೀರಿಗೆ ಬಿದ್ದಾಗ ಉಸಿರು ತಾನಾಗಿಯೇ ಎಳೆಯುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಈಜು ಕಟ್ಟಿಕೊಂಡು ಏನು ಮಾಡುತ್ತೀರಿ? ಮುಳುಗುವವನು ಕೂಗುವುದೂ ಇಲ್ಲ, ಕೂಗಲು ಉಸಿರು ಬೇಕಲ್ವಾ?

ಗಾಜಿನಾಚೆ ಬೆರಳು ತೋರಿಸುತ್ತಿದ್ದಾರೆ, ಟೈಮ್ ಆಗುತ್ತಿದೆಯಂತೆ. ಕರಾವಳಿಯ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ದೋಣಿಗಳೇ ದಡ ಸೇರುತ್ತವೆ. ನಮ್ಮ ಹುಡುಗರು ಅದೇ ಮಳೆಗಾಲದಲ್ಲಿ ಗೋಕರ್ಣಕ್ಕೆ ಹೋಗಿ ಸಣ್ಣ ದೋಣಿ ಕೇಳುತ್ತಾರೆ! ಕಡಲಲ್ಲೇ ಹುಟ್ಟಿ ಬೆಳೆದವರು ಬೇಡ ಅಂದರೆ ಸುಮ್ನೆ ವಾಪಸ್ ಬನ್ನಿ.

ಜಾಕೆಟ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಕಿವಿವರೆಗೆ ಬಂದರೆ ಸಡಿಲ ಅಂತ ಅರ್ಥ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಜಾಕೆಟ್ಟೇ ಇಲ್ಲದಿದ್ದರೆ ಆ ದಿನ ದಾಟಬೇಡಿ, ಒಂದು ದಿನದ ಕೂಲಿ ಹೋಗಲಿ. ಯಾರಾದರೂ ಬಿದ್ದರೆ ನೀವು ಹಾರಬೇಡಿ. ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. 20 ಲೀಟರಿನ ಕ್ಯಾನ್ ಒಬ್ಬರ ತಲೆಯನ್ನು ನೀರಿನ ಮೇಲೆ ಹಿಡಿಯಲು ಧಾರಾಳ ಸಾಕು. 112ಕ್ಕೆ ಫೋನ್ ಮಾಡಿ. ಬಕಲ್ ಮರೆಯಬೇಡಿ. ನಮಸ್ಕಾರ.