ಮರಳಿನ ಮೇಲೆ ನೆರಳು ಹಿಡಿಯುವ ಕೆಲಸ

ಕೇಳುಗರಿಗೆ ನಮಸ್ಕಾರ. ಫೋಟೊಗ್ರಫಿ ಎಂಬ ಮಾತಿಗೆ ಅದರ ಗ್ರೀಕ್ ಮೂಲದಲ್ಲಿ ಬೆಳಕಿನಿಂದ ಬರೆಯುವುದು ಎಂಬ ಅರ್ಥವಿದೆ. ನಾವು ಅದನ್ನು ಛಾಯಾಗ್ರಹಣ, ಅಂದರೆ ನೆರಳನ್ನು ಹಿಡಿಯುವುದು, ಎಂದು ಕರೆದೆವು. ಬೇರೆ ಕಡೆ ಇವೆರಡರಲ್ಲಿ ಯಾವ ಹೆಸರಾದರೂ ನಡೆದೀತು. ಮರುಭೂಮಿಯಲ್ಲಿ ಮಾತ್ರ ನಮ್ಮ ಹೆಸರೇ ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ನಡುಹಗಲಿನಲ್ಲಿ ಮರಳುದಿಬ್ಬಗಳ ಎದುರು ನಿಂತವರಿಗೆ ಬೆಳಕಿನ ಕೊರತೆಯೇನೂ ಇರುವುದಿಲ್ಲ. ಆದರೆ ನೆತ್ತಿಯ ಮೇಲಿನ ಸೂರ್ಯ ನೆರಳುಗಳನ್ನೆಲ್ಲ ನುಂಗಿಬಿಟ್ಟಿರುವುದರಿಂದ, ನೂರಾರು ಅಡಿ ಎತ್ತರದ ದಿಬ್ಬವೂ ಚಿತ್ರದಲ್ಲಿ ಒಣಹಾಕಿದ ಬಟ್ಟೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಅದೇ ದಿಬ್ಬವನ್ನು ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ನೋಡಿದರೆ, ಒಂದು ಮಗ್ಗುಲು ಬೆಳಗಿ, ಇನ್ನೊಂದು ಮಗ್ಗುಲು ಕಪ್ಪಿಟ್ಟು, ನಡುವಿನ ಏಣು ಒಂದೇ ಗೆರೆಯಾಗಿ ನಿಂತಿರುತ್ತದೆ. ಆ ಗೆರೆಯನ್ನು ಕೊರೆದದ್ದು ಗಾಳಿ. ಗಾಳಿ ಬೀಸುವ ಕಡೆಯ ಇಳಿಜಾರಿನ ಮೇಲೆ ಪುಟಿಪುಟಿಯುತ್ತ ಏರಿದ ಕಣಗಳು ನೆತ್ತಿ ದಾಟಿ ಆಚೆಗೆ ಜಾರುತ್ತವೆ; ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಹೀಗೆ ಎರಡು ಇಳಿಜಾರುಗಳು ಕೂಡುವ ಅಂಚು ಹರಿತವಾಗಿರುತ್ತದೆ, ಓರೆಬಿಸಿಲು ಬಿದ್ದಾಗ ಕಣ್ಣಿಗೆ ಬೀಳುತ್ತದೆ.

ಮಿನಿಮಲಿಸ್ಟ್ ಎಂದು ಕರೆಯುವ, ಚೌಕಟ್ಟಿನೊಳಗೆ ಒಂದೆರಡು ಆಕಾರಗಳನ್ನಷ್ಟೇ ಉಳಿಸಿಕೊಳ್ಳುವ ಚಿತ್ರಗಳಿಗೆ ಈ ಒಂದು ಗೆರೆ ಸಾಕು. 1936ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಕ್ಯಾಲಿಫೋರ್ನಿಯಾದ ಓಶಿಯಾನೊ ಕರಾವಳಿಯ ದಿಬ್ಬಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದರು. ಅದಾಗಿ ಸುಮಾರು ಹನ್ನೆರಡು ವರ್ಷಗಳ ಮೇಲೆ ಅಮೆರಿಕದವರೇ ಆದ ಆನ್ಸೆಲ್ ಆಡಮ್ಸ್ ಡೆತ್ ವ್ಯಾಲಿ ಎಂಬ ಮರುಭೂಮಿಯ ಸೂರ್ಯೋದಯವನ್ನು ಹಿಡಿದರು. ಇಬ್ಬರ ಚಿತ್ರಗಳಲ್ಲೂ ಮರಳಿನಷ್ಟೇ ಜಾಗವನ್ನು ಕತ್ತಲೆ ಆಕ್ರಮಿಸಿಕೊಂಡಿದೆ.

ನೆರಳಿನ ಈ ಕೆಲಸಕ್ಕೆ ನಮೀಬಿಯಾದ ಡೆಡ್‌ವ್ಲೇ ಎಂಬ ಜಾಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಮೀಬ್ ಮರುಭೂಮಿಯ ದಿಬ್ಬಗಳು ನದಿಯ ದಾರಿಗೆ ಅಡ್ಡ ಬಂದು ನೀರು ನಿಂತುಹೋದುದರಿಂದ ಅಲ್ಲಿನ ಜಾಲಿಯ ಜಾತಿಯ ಮರಗಳು ಶತಮಾನಗಳ ಹಿಂದೆಯೇ ಸತ್ತವು. ಕೊಳೆಯುವಷ್ಟು ತೇವವೂ ಇಲ್ಲದೆ ಅವು ಬಿಳಿಯ ಜೇಡಿನೆಲದ ಮೇಲೆ ಕರಕಲು ಬಣ್ಣ ತಾಳಿ ಇಂದಿಗೂ ನಿಂತಿವೆ. ಬೆಳಗ್ಗೆ ಹಿಂದಿನ ಕೆಂದಿಬ್ಬಕ್ಕೆ ಬಿಸಿಲು ಬಿದ್ದಿರುತ್ತದೆ, ಮುಂದಿನ ನೆಲ ಇನ್ನೂ ನೆರಳಿನಲ್ಲಿದ್ದು ಆಕಾಶದ ನೀಲಿಯನ್ನು ಹೀರಿಕೊಂಡಿರುತ್ತದೆ. ಬಿಸಿಲಿನ ಅಂಚು ದಿಬ್ಬದಿಂದ ಇಳಿದು ನೆಲ ಮುಟ್ಟುವವರೆಗಿನ ಆ ಅಲ್ಪ ಅವಧಿಯಲ್ಲಿ ತೆಗೆದ ಚಿತ್ರವನ್ನು ನೋಡಿದವರು, ಕಿತ್ತಳೆ ಬಣ್ಣದ ಗೋಡೆಯ ಮುಂದೆ ಯಾರೋ ಮಸಿಯಿಂದ ಮರಗಳನ್ನು ಬರೆದಿದ್ದಾರೆ ಎಂದೇ ತಿಳಿಯುತ್ತಾರೆ.

ಇಂಥ ಕಡೆ ಹೊಸಬರು ಸಾಮಾನ್ಯವಾಗಿ ಅಗಲ ಕೋನದ ಲೆನ್ಸ್ ಹಾಕುತ್ತಾರೆ. ಬಯಲು ದೊಡ್ಡದು, ಆದ್ದರಿಂದ ಲೆನ್ಸೂ ಅಗಲವಾಗಿರಬೇಕು ಎಂಬುದು ಅವರ ಲೆಕ್ಕ. ಆಗ ದೂರದ ವಾಹನ, ತುಳಿದ ದಾರಿ, ಪೊದೆ, ಸಹಯಾತ್ರಿಕರು ಎಲ್ಲರೂ ಚಿತ್ರದೊಳಕ್ಕೆ ಬಂದು ಕೂರುತ್ತಾರೆ. ಮರುಭೂಮಿ ಖಾಲಿಯೆಂಬುದು ದೂರದಲ್ಲಿರುವವರ ನಂಬಿಕೆ. ಖಾಲಿಯನ್ನು ಆಯ್ದು ತೆಗೆಯಬೇಕಾಗುತ್ತದೆ. ಅದಕ್ಕೆ ದೂರದ್ದನ್ನು ಹತ್ತಿರ ತಂದು ಸ್ವಲ್ಪ ಭಾಗವನ್ನಷ್ಟೇ ತೋರಿಸುವ, 100ರಿಂದ 400 ಮಿಲಿಮೀಟರಿನ ಟೆಲಿಫೋಟೊ ಲೆನ್ಸು ಹೆಚ್ಚು ಅನುಕೂಲ. ಆದರೆ ನೆಲ ಕಾದ ಮೇಲೆ ಗಾಳಿ ನಡುಗಿ ದೂರದ ಅಂಚುಗಳು ಮಸುಕಾಗುವುದರಿಂದ, ಅದನ್ನೂ ತಂಪುಹೊತ್ತಿನಲ್ಲಿಯೇ ಬಳಸಬೇಕು.

ಏಣಿನ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ದಿಬ್ಬದ ಗಾತ್ರ ತೋರಿಸುವ ಪದ್ಧತಿ ಈಗ ಸವೆದುಹೋಗಿದೆ. ಅಂಗೈಯಗಲದ ಮರಳಿನ ಅಲೆಯೂ ಮೈಲುದ್ದದ ದಿಬ್ಬಸಾಲೂ ಚಿತ್ರದಲ್ಲಿ ಒಂದೇ ರೀತಿ ಕಾಣುವ ಆ ಗೊಂದಲವೇ ನನಗೆ ಹೆಚ್ಚು ಇಷ್ಟ.

ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಜಗತ್ತೆಲ್ಲ ಮಧ್ಯಮ ಬೂದುಬಣ್ಣವೆಂಬ ಎಣಿಕೆಯಿದೆ. ಹೀಗಾಗಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಂಥ ಜಿಪ್ಸಮ್ ಎಂಬ ಬಿಳಿ ಖನಿಜದ ದಿಬ್ಬಗಳನ್ನು ಅದರ ಲೆಕ್ಕದಂತೆಯೇ ತೆಗೆದರೆ ಬಿಳಿ ಮರಳು ಬೂದಿಯಾಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಒಳಬಿಡುವ ಬೆಳಕನ್ನು, ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿಯಾಗುತ್ತದೆ), ಚಿತ್ರದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಎಂದು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆ ಬಲಗಡೆಯ ಅಂಚಿಗೆ ತಾಕದಂತೆ ನೋಡಿಕೊಳ್ಳಬೇಕು. ಇನ್ನು ಕ್ಯಾಮೆರಾದೊಳಗೆ ಚಿತ್ರವನ್ನು ದಾಖಲಿಸುವ ಸೆನ್ಸರಿನ ಮೇಲೆ ಕೂತ ಒಂದೇ ಒಂದು ಧೂಳಿನ ಕಣ ಕಾಡಿನ ಚಿತ್ರದಲ್ಲಿ ಎಲೆಗಳ ನಡುವೆ ಮರೆಯಾದೀತು. ಬರಿ ಆಕಾಶದಲ್ಲಿ, ಅದರಲ್ಲೂ ಲೆನ್ಸಿನೊಳಗಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು f/16ರವರೆಗೆ ಕಿರಿದು ಮಾಡಿದಾಗ, ಅದು ಕಾಡಿಗೆಯ ಬೊಟ್ಟಿನಂತೆ ಎದ್ದು ಕಾಣುತ್ತದೆ. ಬಯಲಿನಲ್ಲಿ ಲೆನ್ಸ್ ಬದಲಿಸದಿರುವುದೇ ಲೇಸು. ಲೆನ್ಸಿನ ಮೇಲೆ ಬಿದ್ದ ಮರಳನ್ನು ಬಟ್ಟೆಯಿಂದ ಒರೆಸದೆ ಗಾಳಿಬುರುಡೆಯಿಂದ ಊದಿ ತೆಗೆಯಬೇಕು, ಏಕೆಂದರೆ ಮರಳಿನ ಕ್ವಾರ್ಟ್ಜ್ ಗಾಜಿಗಿಂತ ಗಡುಸು.

ಆದರೂ ಹೆಚ್ಚು ಚಿತ್ರಗಳನ್ನು ಕೆಡಿಸುವುದು ಧೂಳಲ್ಲ, ನಮ್ಮದೇ ಹೆಜ್ಜೆಗುರುತು. ಒಮ್ಮೆ ಏಣಿನ ಮೇಲೆ ನಡೆದುಬಿಟ್ಟರೆ ಮತ್ತೆ ಗಾಳಿ ಬೀಸುವವರೆಗೆ ಆ ದಿಬ್ಬ ಕೈತಪ್ಪಿದಂತೆಯೇ. ತಂತ್ರಾಂಶದಿಂದ ಅಳಿಸಬಹುದೆನ್ನುವವರು ಅಳಿಸಿದ ಜಾಗದಲ್ಲಿ ಮರಳಿನ ಅಲೆಗಳ ಸಾಲು ಹೇಗೆ ತಪ್ಪುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಎಲ್ಲಿ ನಡೆಯಬಾರದೆಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಕ್ಯಾಮೆರಾ ಹೊರತೆಗೆಯುವುದು ವಾಸಿ.

ಸೂರ್ಯ ಮುಳುಗಿದೊಡನೆ ಹಲವರು ಟ್ರೈಪಾಡ್ ಮಡಿಚಿ ಹೊರಟುಬಿಡುತ್ತಾರೆ. ಆಗ ದಿಬ್ಬಗಳ ಮೇಲೆ ನೆರಳಿರುವುದಿಲ್ಲ, ಏಣಿನ ಗೆರೆಯೂ ಅಳಿಸಿಹೋಗಿರುತ್ತದೆ. ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಆಳಕ್ಕೆ ಒತ್ತಿ, ಪೂರ್ವಕ್ಕೆ ತಿರುಗಿ ಹತ್ತಿಪ್ಪತ್ತು ನಿಮಿಷ ಕಾದವರಿಗೆ ದಿಗಂತದ ಮೇಲೆ ನಸುಗೆಂಪಿನ ಪಟ್ಟಿಯೊಂದು ಕಾಣುತ್ತದೆ, ಅದರ ಕೆಳಗೆ ಬೂದುನೀಲಿಯ ಇನ್ನೊಂದು ಪಟ್ಟಿ ನಿಧಾನವಾಗಿ ಏರುತ್ತಿರುತ್ತದೆ. ಕೆಳಗಿನದು ಭೂಮಿಯ ನೆರಳು.